ಒಂದು ಅಡಿಗೆ ಒಂದು ಇಂಚು: 1927ರ ಕ್ರಿಸ್‌ಮಸ್ ರಾತ್ರಿಯ ಲೈಬ್ರರಿ ಕಟ್ಟಿದ್ದು

ನಮ್ಮ ಊಟದ ಮೇಜಿನ ಮೇಲೆ ನಾಲ್ಕು ತಿಂಗಳಿಂದ ಒಂದು ಕೋಣೆ ಕೂತಿದೆ. 18 ಇಂಚು ಅಗಲ, 14 ಇಂಚು ಆಳ, 10 ಇಂಚು ಎತ್ತರ. ಇಂಗ್ಲೆಂಡಿನ ಹಳ್ಳಿಗಾಡಿನ ಒಂದು ಹಳೇ ದೊಡ್ಡ ಮನೆಯ ಲೈಬ್ರರಿ ಅದು. ಕ್ರಿಸ್‌ಮಸ್ ರಾತ್ರಿ. ಮನೆಯ ಯಜಮಾನರು ಬರೆಯುವ ಮೇಜಿನ ಮೇಲೆ ತಲೆಯಿಟ್ಟು ಸತ್ತಿದ್ದಾರೆ. ಬಾಗಿಲಿಗೆ ಒಳಗಿಂದ ಬೀಗ ಹಾಕಿತ್ತು. ಕಿಟಕಿಗಳಿಗೆ ಒಳಗಿಂದಲೇ ಮರದ ಕದ, ಅದಕ್ಕೆ ಅಡ್ಡ ಕಬ್ಬಿಣದ ಪಟ್ಟಿ. ಕೊಂದವರು ಎಲ್ಲಿ?

ಇದನ್ನು ಯಾಕೆ ಕಟ್ಟಿದೆ ಅಂತ ಮೊದಲು ಹೇಳುತ್ತೇನೆ. ನಾವಿರುವುದು ಬರ್ಮಿಂಗ್‌ಹ್ಯಾಮ್ ಹತ್ತಿರ. ಇಲ್ಲಿ ಡಿಸೆಂಬರ್ 25ಕ್ಕೆ ರೈಲು ಓಡುವುದಿಲ್ಲ, ದೊಡ್ಡ ಅಂಗಡಿಗಳು ತೆರೆಯುವುದಿಲ್ಲ, ನಾಲ್ಕು ಗಂಟೆಗೆಲ್ಲ ಕತ್ತಲು. ಈ ವರ್ಷ ಶಿವಮೊಗ್ಗದಿಂದ ಅಪ್ಪ ಬರುವವರಿದ್ದರು. ಅಪ್ಪ ಒಂದು ಕಾಲದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೊಂದು ಪತ್ತೇದಾರಿ ಕಾದಂಬರಿ ತಂದು ಓದಿದವರು. ಈಗ ಕಣ್ಣು ಸೋತಿದೆ, ಸಣ್ಣ ಅಕ್ಷರ ಓದಲಾಗುವುದಿಲ್ಲ. ಓದದೆ ಬಿಡಿಸಬಹುದಾದ ಒಂದು ಕೊಲೆಯ ಕಥೆ ಅವರಿಗೆ ಕೊಡಬೇಕು ಅನ್ನಿಸಿತು. ನೋಡಿ, ಮುಟ್ಟಿ, ಕದ ತೆಗೆದು, ಹಗ್ಗ ಎಳೆದು ಬಿಡಿಸುವಂಥದ್ದು.

ದಾರಿ ತೋರಿಸಿದವರು ಫ್ರಾನ್ಸಿಸ್ ಗ್ಲೆಸ್ನರ್ ಲೀ. 1878ರಲ್ಲಿ ಹುಟ್ಟಿದ ಅಮೆರಿಕದ ಮಹಿಳೆ. 1940ರ ದಶಕದಲ್ಲಿ ಅವರು ಅಸಹಜ ಸಾವುಗಳು ನಡೆದ ಕೋಣೆಗಳನ್ನು ಒಂದು ಅಡಿಗೆ ಒಂದು ಇಂಚಿನ ಲೆಕ್ಕದಲ್ಲಿ ಕಟ್ಟಿಸಿದರು. ಪೊಲೀಸರಿಗೆ ನೋಡುವುದನ್ನು ಕಲಿಸಲಿಕ್ಕೆ. ಬೊಂಬೆಗಳ ಕಾಲುಚೀಲವನ್ನು ಗುಂಡುಸೂಜಿಯಲ್ಲಿ ತಾವೇ ಹೆಣೆಯುತ್ತಿದ್ದರಂತೆ. ಅಂಥ 18 ಕೋಣೆಗಳು ಇವತ್ತಿಗೂ ಬಾಲ್ಟಿಮೋರ್‌ನಲ್ಲಿ ಮರಣೋತ್ತರ ಪರೀಕ್ಷೆ ಮಾಡುವ ಸರ್ಕಾರಿ ಕಚೇರಿಯಲ್ಲಿ ಇವೆ, ತರಬೇತಿಗೆ ಬಳಕೆಯಾಗುತ್ತಿವೆ. ಪ್ರತಿ ಕೋಣೆಯ ಜೊತೆ ಸಾಕ್ಷಿಗಳ ಹೇಳಿಕೆಯ ಹಾಳೆ ಇರುತ್ತದೆ. ಉತ್ತರ ಮಾತ್ರ ಹೊರಗೆ ಕೊಡುವುದಿಲ್ಲ. ನಾನೂ ಅದೇ ಅಳತೆ ಇಟ್ಟುಕೊಂಡೆ, ಹೇಳಿಕೆಯ ಹಾಳೆಯನ್ನೂ ಇಟ್ಟುಕೊಂಡೆ. ಆದರೆ ಕಟ್ಟಿದ ಕ್ರಮ ಹೇಳಬೇಕಾದರೆ ಉತ್ತರ ಬಿಟ್ಟು ಹೇಳಲಾಗುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲವೂ ಬರುತ್ತದೆ.

ಸೆಪ್ಟೆಂಬರ್: ಪೆಟ್ಟಿಗೆ ಮತ್ತು ವರ್ಷ

ಪೆಟ್ಟಿಗೆಗೆ 6 ಮಿ.ಮೀ. ಎಂಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಮುಂದಿನ ಗೋಡೆ ಇಲ್ಲ, ಅಲ್ಲಿಂದಲೇ ನೋಡುವುದು. ಹಿಂದಿನ ಗೋಡೆಯಲ್ಲಿ ಎರಡು ಕಿಟಕಿ. ಎಡಗಡೆ ಗೋಡೆಯಲ್ಲಿ ಬೆಂಕಿಗೂಡು. ಬಲಗಡೆ ಗೋಡೆ ಮನೆಯ ಅತಿ ಹಳೇ ಭಾಗ ಅಂತ ಲೆಕ್ಕ, ಅಲ್ಲಿ ಬಾಗಿಲು ಮತ್ತು ನಾಲ್ಕು ನಿಂತ ಓಕ್ ತೊಲೆಗಳು. ಲೈಬ್ರರಿಯ ಕೆಳಗೆ 4 ಇಂಚು ಎತ್ತರದ ಒಂದು ಪಟ್ಟಿ ಬಿಟ್ಟೆ. ಅದು ಕೆಲಸದವರ ಓಣಿ. ಪೂರ್ತಿ ಎತ್ತರ ಕೊಡಲು ಮೇಜಿನ ಮೇಲೆ ಜಾಗ ಇರಲಿಲ್ಲ, ಮೇಲಿನ ಭಾಗ ಮಾತ್ರ ಕಾಣುವ ಹಾಗೆ ಮಾಡಿದೆ.

ಮೊದಲು ಇಟ್ಟುಕೊಂಡ ವರ್ಷ 1932. ಅದಕ್ಕೊಂದು ಕಾರಣ ಇತ್ತು. ಬ್ರಿಟನ್ನಿನ ರಾಜ ಕ್ರಿಸ್‌ಮಸ್ ದಿನ ರೇಡಿಯೋದಲ್ಲಿ ಮೊದಲ ಸಲ ಮಾತಾಡಿದ್ದು ಆ ವರ್ಷ, ಐದನೇ ಜಾರ್ಜ್, ಸ್ಯಾಂಡ್ರಿಂಗ್‌ಹ್ಯಾಮ್‌ನಿಂದ, ಮಧ್ಯಾಹ್ನ ಮೂರಕ್ಕೆ. ಮನೆಮಂದಿಯೆಲ್ಲ ಲೈಬ್ರರಿಯಲ್ಲಿ ಸೇರಲು ಒಳ್ಳೆ ನೆಪ ಅಲ್ವಾ? ಬಾಲ್ಸಾ ಮರದಲ್ಲಿ ಕಮಾನಿನ ಆಕಾರದ ರೇಡಿಯೋ ಕೆತ್ತಿದೆ. ಮುಂದಿನ ಬಟ್ಟೆಗೆ ಹಳೇ ಸೀರೆಯ ಅಂಚು ಅಂಟಿಸಿದೆ. ಚೆನ್ನಾಗಿ ಬಂದಿತ್ತು.

ಆಮೇಲೆ ಹಿಮದ ಯೋಚನೆ ಬಂತು. ಕಥೆಗಳಲ್ಲಿ ಕ್ರಿಸ್‌ಮಸ್ ಅಂದರೆ ಹಿಮ ಬೀಳಲೇಬೇಕು. ನಿಜವಾದ ಇಂಗ್ಲೆಂಡಿನಲ್ಲಿ ಆ ದಿನ ನೆಲದ ಮೇಲೆ ಹಿಮ ಕೂರುವುದು ಅಪರೂಪ, ಹೆಚ್ಚಾಗಿ ಬರುವುದು ಜಿಟಿಜಿಟಿ ಮಳೆ. ಸುಮ್ನೆ ಹಿಮ ಸುರಿಸಲು ಮನಸ್ಸು ಒಪ್ಪಲಿಲ್ಲ. ಹುಡುಕಿದಾಗ 1927 ಸಿಕ್ಕಿತು. ಆ ಡಿಸೆಂಬರ್ 25ರಂದು ದಕ್ಷಿಣ ಇಂಗ್ಲೆಂಡಿನಲ್ಲಿ ಮಳೆ ಸುರಿಯುತ್ತಿತ್ತು. ರಾತ್ರಿಯ ಹೊತ್ತಿಗೆ ಅದೇ ಮಳೆ ಹಿಮವಾಯಿತು, ಜೊತೆಗೆ ಬಿರುಗಾಳಿ. ಮಾರನೆಯ ದಿನ ರಸ್ತೆಗಳು ಹೂತುಹೋಗಿ ಎಷ್ಟೋ ಹಳ್ಳಿಗಳು ಹೊರಜಗತ್ತಿನಿಂದ ಕಡಿದುಹೋದವು. ಪೊಲೀಸರು ಬರಲಾಗದ ಮನೆಗೆ ಇದಕ್ಕಿಂತ ಒಳ್ಳೆ ರಾತ್ರಿ ಇಲ್ಲ. ವರ್ಷ ಬದಲಾಯಿತು. ರಾಜರ ಭಾಷಣ ಹೋಯಿತು, ರೇಡಿಯೋ ಮಗಳ ಕಪಾಟು ಸೇರಿತು.

ವರ್ಷ ಬದಲಾಯಿಸಿದ್ದಕ್ಕೆ ಬೆಳಕೂ ಬದಲಾಯಿತು. 1927ರಲ್ಲಿ ದೇಶಕ್ಕೆಲ್ಲ ಒಂದೇ ವಿದ್ಯುತ್ ಜಾಲ ಕಟ್ಟುವ ಕಾನೂನು ಬಂದು ಒಂದೇ ವರ್ಷ ಆಗಿತ್ತು. ದೂರದ ಹಳ್ಳಿಯ ಎಷ್ಟೋ ದೊಡ್ಡ ಮನೆಗಳಲ್ಲೂ ಎಣ್ಣೆದೀಪವೇ ಗತಿ. ಹಾಗಾಗಿ ಚಾವಣಿಗೆ ನೇತುಹಾಕಿದ್ದ ಗೊಂಚಲು ದೀಪ ಕಿತ್ತೆ. ಮಣಿ ಮತ್ತು ಪೆನ್ನಿನ ತುದಿಯಲ್ಲಿ ಎರಡು ಎಣ್ಣೆದೀಪ ಮಾಡಿದೆ, ಒಳಗೆ 3 ಮಿ.ಮೀ. ಎಲ್‌ಇಡಿ. ಎರಡನ್ನೂ ಸರಣಿಯಲ್ಲಿ ಜೋಡಿಸಿ, 12 ವೋಲ್ಟಿಗೆ, ಕರೆಂಟು ತಗ್ಗಿಸುವ 470 ಓಮ್ ರೆಸಿಸ್ಟರ್ ಹಾಕಿದಾಗ ಕೋಣೆ ಆಸ್ಪತ್ರೆಯ ಹಾಗೆ ಬೆಳಗಿತು. 2.2 ಕಿಲೋ ಓಮ್‌ಗೆ ಹೋದೆ. ಕರೆಂಟು 3 ಮಿಲಿ ಆಂಪ್‌ಗೂ ಕಮ್ಮಿ. ಆಗ ಬಂತು ನೋಡಿ, ಮೂಲೆಗಳಲ್ಲಿ ನಿಜವಾದ ಕತ್ತಲು.

ಅಕ್ಟೋಬರ್: ತಿರುಗುವ ತೊಲೆ

1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದರು. ಅವರೂ ಅಂಥ ಕಥೆ ಬರೆಯುತ್ತಿದ್ದವರೇ. ಅದರಲ್ಲೊಂದು: ಗುಪ್ತ ಕೋಣೆಯಾಗಲಿ ಗುಪ್ತ ದಾರಿಯಾಗಲಿ ಒಂದಕ್ಕಿಂತ ಹೆಚ್ಚು ಇರಬಾರದು. ನಾನು ಆ ಒಂದನ್ನು ಬಳಸಿಕೊಂಡೆ.

ಇದು ಕಲ್ಪನೆಯ ವಸ್ತುವಲ್ಲ. ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, 1585ರ ಕಾನೂನಿನ ಪ್ರಕಾರ, ಕ್ಯಾಥೊಲಿಕ್ ಪಾದ್ರಿ ಇಂಗ್ಲೆಂಡಿನಲ್ಲಿ ಇರುವುದೇ ರಾಜದ್ರೋಹ. ಅವರನ್ನು ಬಚ್ಚಿಡಲು ದೊಡ್ಡ ಮನೆಗಳ ಗೋಡೆಯೊಳಗೆ, ಮೆಟ್ಟಿಲ ಕೆಳಗೆ, ಹೊಗೆಗೂಡಿನ ಪಕ್ಕ ಅಡಗುಗೂಡು ಕಟ್ಟುತ್ತಿದ್ದರು. ಅವುಗಳನ್ನು ಕಟ್ಟಿದ ದೊಡ್ಡ ಕುಶಲಿ ನಿಕೋಲಸ್ ಓವನ್ ಅನ್ನುವ ಬಡಗಿ. 1606ರಲ್ಲಿ ಲಂಡನ್ ಟವರ್‌ನಲ್ಲಿ ಚಿತ್ರಹಿಂಸೆಯಲ್ಲಿ ಸತ್ತ, ಒಬ್ಬರ ಹೆಸರೂ ಹೇಳಲಿಲ್ಲ. ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿಬರುವಷ್ಟು ಹತ್ತಿರ, ಕಿಡರ್‌ಮಿನ್‌ಸ್ಟರ್ ಪಕ್ಕ, ಹಾರ್ವಿಂಗ್‌ಟನ್ ಹಾಲ್ ಇದೆ. ಸುತ್ತ ನೀರಿನ ಕಂದಕ ಇರುವ ಮನೆ. ಅಲ್ಲಿ ಒಂದು ಕೋಣೆಯ ಗೋಡೆಯಲ್ಲಿ ನಿಂತ ತೊಲೆಯೇ ತಿರುಗುತ್ತದೆ, ಹಿಂದೆ ಮನುಷ್ಯ ನುಸುಳುವಷ್ಟು ಸಂದು. ಅದರ ಮುಂದೆ ನಿಂತಾಗ ನನಗೆ ಮಾತೇ ಬರಲಿಲ್ಲ. ಬಾಗಿಲ ಹಾಗೆ ಕಾಣುವುದು ಏನೂ ಇಲ್ಲ. ಮನೆಯನ್ನು ಎತ್ತಿ ನಿಲ್ಲಿಸಿರುವ ತೊಲೆಯನ್ನು ಯಾರು ತಾನೇ ತಳ್ಳಿ ನೋಡುತ್ತಾರೆ?

ನನ್ನ ತೊಲೆ 1 ಇಂಚು ಅಗಲ, 10 ಮಿ.ಮೀ. ದಪ್ಪ. ಮೇಲೆ ಕೆಳಗೆ 1.5 ಮಿ.ಮೀ. ಹಿತ್ತಾಳೆ ಕಡ್ಡಿ ಕೂರಿಸಿ, ಒಂದು ಅಂಚಿನ ಹತ್ತಿರವೇ ತಿರುಗುವ ಹಾಗೆ ಮಾಡಿದೆ. ಮೊದಲ ಸಲ ಅದು ಅಲ್ಲಾಡಲೇ ಇಲ್ಲ. ಕಾರಣ ಕಾಗದದ ಮೇಲೆ ಬರೆದಾಗ ಗೊತ್ತಾಯಿತು. ದಪ್ಪ ಇರುವ ತೊಲೆ ತಿರುಗುವಾಗ ಅದರ ಹಿಂದಿನ ಮೂಲೆ ಒಂದು ಸುತ್ತು ಹಾಕುತ್ತದೆ. ಆ ಸುತ್ತಿಗೆ ಜಾಗ ಬೇಕು. ಮುಂದೆ ಸಂದು ಬಿಟ್ಟರೆ ಗುಟ್ಟು ಬಯಲು. ಹಾಗಾಗಿ ಹಿಂದಿನ ಎರಡೂ ಅಂಚುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಗುಂಡಗೆ ಮಾಡಿದೆ. ಮುಂದಿನ ಅಂಚು ಚೂಪಾಗಿಯೇ ಉಳಿಯಿತು. ಈಗ ಮುಂದೆ ಕಾಣುವ ಗೆರೆ ಅರ್ಧ ಮಿ.ಮೀ. ಕೂಡ ಇಲ್ಲ. ಒಳಗೆ 3 ಮಿ.ಮೀ. ಅಯಸ್ಕಾಂತದ ಬಿಲ್ಲೆ ಕೂರಿಸಿದ್ದೇನೆ. ಬೆರಳಿನಿಂದ ಒತ್ತಿದರೆ ಬಿಡುತ್ತದೆ, ತಳ್ಳಿದರೆ ಮುಚ್ಚಿಕೊಳ್ಳುತ್ತದೆ.

ಬಣ್ಣ ಹಚ್ಚಿದ ಮೇಲೆ ಎರಡನೇ ತೊಂದರೆ. ನೀರು ಬೆರೆತ ವಾಲ್ನಟ್ ಬಣ್ಣವನ್ನು ಮುಂದಿನ ಮುಖಕ್ಕೆ ಮಾತ್ರ ಹಚ್ಚಿದ್ದೆ. ರಾತ್ರಿ ಕಳೆಯುವಷ್ಟರಲ್ಲಿ ತೊಲೆ ಬಿಲ್ಲಿನ ಹಾಗೆ ಬಾಗಿತ್ತು. ಒಂದೇ ಕಡೆ ನೀರು ಕುಡಿದ ಮರ ಹಾಗೇ ಮಾಡುತ್ತದೆ. ಅದನ್ನು ಬಿಸಾಕಿ, ಎರಡು ತೆಳು ಪಟ್ಟಿಗಳನ್ನು ಎಳೆ ಎದುರುಬದುರು ಬರುವ ಹಾಗೆ ಅಂಟಿಸಿ ಹೊಸದು ಮಾಡಿದೆ. ಈ ಸಲ ನಾಲ್ಕೂ ಮುಖಕ್ಕೆ ಒಟ್ಟಿಗೆ ಬಣ್ಣ. ಅದು ಇವತ್ತಿಗೂ ನೆಟ್ಟಗಿದೆ. ಇನ್ನೊಂದು ಮಾತು, ಮರಗೆಲಸ ಶುರು ಮಾಡುವವರಿಗೆ. ಬಣ್ಣ ಮೊದಲು, ಗೋಂದು ಆಮೇಲೆ. ಬಿಳಿ ಗೋಂದು ತಾಗಿದ ಜಾಗ ಬಣ್ಣ ಹೀರುವುದಿಲ್ಲ, ಬಿಳಚಿಕೊಂಡು ನಿಲ್ಲುತ್ತದೆ. ಬೆಂಕಿಗೂಡಿನ ಮೇಲಿನ ಮರದ ಹಲಗೆಗಳನ್ನು ನಾನು ಈ ಒಂದು ತಪ್ಪಿಗೆ ಎರಡು ಸಲ ಮಾಡಬೇಕಾಯಿತು.

ಉಳಿದ ಮೂರು ತೊಲೆಗಳ ಅಂಚಿಗೂ ಚಾಕುವಿನಲ್ಲಿ ಅದೇ ಗೆರೆ ಕೊರೆದೆ. ಇದು ಮೋಸವೇ ಅಂತ ಎರಡು ದಿನ ಯೋಚಿಸಿದೆ. ಅಲ್ಲ ಅಂತ ಅನ್ನಿಸಿತು. ಹಳೇ ಮನೆಯ ತೊಲೆಗಳೆಲ್ಲ ಗೋಡೆಯಿಂದ ಬಿಟ್ಟುಕೊಂಡೇ ಇರುತ್ತವೆ. ಯಾವ ತೊಲೆ ಅಂತ ಹೇಳಬೇಕಾದ್ದು ಗೆರೆ ಅಲ್ಲ, ಕೋಣೆಯ ಅಲಂಕಾರ.

ಹಸಿರು ಬಳ್ಳಿ, ಮರ, ಒಂದು ಕ್ಲಿಪ್ಪು

ಆ ಗೋಡೆಯ ಮೇಲೆ ಐವಿ ಬಳ್ಳಿ ಮತ್ತು ಹೋಲಿ ಅನ್ನುವ ಮುಳ್ಳೆಲೆಯ ಗಿಡ, ಇವುಗಳ ಎಲೆಯ ತೋರಣ ಇದೆ. ನಾಲ್ಕು ಮೊಳೆ, ಮೂರು ತೂಗು. ಎಲೆ ಹಸಿರು ಕಾಗದದ್ದು, ಒಂದೊಂದನ್ನೂ ಕತ್ತರಿಸಿ ತಂತಿಗೆ ಸುತ್ತಿದ್ದು. ಹೋಲಿಯ ಕೆಂಪು ಹಣ್ಣಿಗೆ ಮೊದಲು ಸಾಸಿವೆಗೆ ಬಣ್ಣ ಹಚ್ಚಿದೆ. ಈ ಅಳತೆಯಲ್ಲಿ ಅದು ನಿಂಬೆಹಣ್ಣಿನ ಗಾತ್ರಕ್ಕೆ ಕಂಡಿತು. ಗಸಗಸೆ ಸರಿಯಾಯಿತು.

ಕ್ರಿಸ್‌ಮಸ್ ಮರ 7 ಇಂಚು. ಕತ್ತಾಳೆ ನಾರನ್ನು ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿ, ಎರಡು ತಂತಿಗಳ ನಡುವೆ ಹರಡಿ, ತಂತಿಯ ತುದಿಯನ್ನು ಡ್ರಿಲ್ಲಿಗೆ ಸಿಕ್ಕಿಸಿ ನಿಧಾನ ತಿರುಗಿಸಿದರೆ ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ಸುತ್ತಿಕೊಳ್ಳುತ್ತದೆ. ಅದನ್ನು ಶಂಕುವಿನ ಆಕಾರಕ್ಕೆ ಕತ್ತರಿಸಿದರಾಯಿತು. ಮರದ ಮೇಲೆ ನಿಜವಾದ ಮೇಣದಬತ್ತಿ ಹಚ್ಚುತ್ತಿದ್ದ ಕಾಲ ಅದು. ತಗಡಿನ ಕ್ಲಿಪ್ಪಿನಲ್ಲಿ ಬತ್ತಿ ನಿಲ್ಲಿಸಿ ಕೊಂಬೆಗೆ ಕಚ್ಚಿಸುತ್ತಿದ್ದರು. ಸ್ವಲ್ಪ ಹೊತ್ತು ಹಚ್ಚಿ, ಎಲ್ಲರೂ ನೋಡಿ, ಆರಿಸಿಬಿಡುತ್ತಿದ್ದರು. ಪಕ್ಕದಲ್ಲಿ ನೀರಿನ ಬಕೆಟ್ ಮತ್ತು ಕೋಲಿಗೆ ಕಟ್ಟಿದ ಸ್ಪಂಜು. ಅದನ್ನೂ ಮಾಡಿ ಇಟ್ಟಿದ್ದೇನೆ. ತೆಳು ಹಿತ್ತಾಳೆ ತಗಡಿನಲ್ಲಿ 4 ಮಿ.ಮೀ. ಉದ್ದದ 16 ಕ್ಲಿಪ್ಪು ಮಡಿಸಲು ಮೂರು ಸಂಜೆ ಬೇಕಾಯಿತು.

ಮರದಲ್ಲಿ ಇರುವುದು 15 ಬತ್ತಿ. ಹದಿನಾರನೆಯ ಕ್ಲಿಪ್ಪು ತೋರಣದಲ್ಲಿದೆ. ತಿರುಗುವ ತೊಲೆಯ ಮುಂದೆ ಹಾದುಹೋಗುವ ತೂಗನ್ನು ಯಾರೋ ಒಂದು ಮೊಳೆಯಿಂದ ಬಿಚ್ಚಿ, ಮುದುರಿ, ಪಕ್ಕದ ಮೊಳೆಯ ಹತ್ತಿರ ಕ್ಲಿಪ್ಪಿನಿಂದ ಕಚ್ಚಿಸಿದ್ದಾರೆ. ಒಂದು ಮೊಳೆ ಖಾಲಿ. ಬಿಚ್ಚದಿದ್ದರೆ ತೊಲೆ ತಿರುಗುವಾಗ ತೋರಣ ಹರಿಯುತ್ತಿತ್ತು. ಆ ಬತ್ತಿ ಎಲ್ಲಿ? ಅಡಗುಗೂಡಿನ ನೆಲದಲ್ಲಿ, ಬುಡದವರೆಗೆ ಉರಿದು. ಕತ್ತಲಲ್ಲಿ ಕಾಯುತ್ತ ಕೂತವರಿಗೆ ಬೆಳಕು ಬೇಕಿತ್ತು. ಇದೊಂದು ಜೋಡಣೆ ಹೊಳೆದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ನವೆಂಬರ್: ಗಂಟೆ

ದೊಡ್ಡ ಮನೆಗಳ ಗಂಟೆ ವ್ಯವಸ್ಥೆ ನನಗೆ ಮೊದಲಿಂದಲೂ ಇಷ್ಟ. ಕೋಣೆಯಲ್ಲಿ ಹಿಡಿ ಎಳೆದರೆ ಗೋಡೆಯೊಳಗಿನ ತಂತಿ ಎಳೆಯುತ್ತದೆ. ತಂತಿ ತಿರುಗಬೇಕಾದ ಪ್ರತಿ ಮೂಲೆಯಲ್ಲೂ ಒಂದು ಎಲ್ ಆಕಾರದ ಸನ್ನೆಕೋಲು. ಎಂಜಿನಿಯರುಗಳು ಇವತ್ತಿಗೂ ಹೇಳುವ ಬೆಲ್ ಕ್ರ್ಯಾಂಕ್ ಅನ್ನುವ ಹೆಸರು ಬಂದಿದ್ದು ಇದರಿಂದಲೇ. ಕೊನೆಗೆ ಕೆಲಸದವರ ಓಣಿಯಲ್ಲಿ ಸುರುಳಿ ಸ್ಪ್ರಿಂಗಿಗೆ ತೂಗುಹಾಕಿದ ಗಂಟೆ. ಸದ್ದು ನಿಂತ ಮೇಲೂ ಸ್ಪ್ರಿಂಗು ಅಲ್ಲಾಡುತ್ತಲೇ ಇರುತ್ತದೆ. ದೂರದಿಂದ ಓಡಿಬಂದವರಿಗೂ ಯಾವ ಕೋಣೆಯ ಗಂಟೆ ಹೊಡೆಯಿತು ಅಂತ ಗೊತ್ತಾಗಲಿ ಅಂತ.

ನನ್ನ ಕಥೆಯ ಬೆನ್ನೆಲುಬು ಈ ಗಂಟೆ. ಹತ್ತೂ ಕಾಲಿಗೆ ಲೈಬ್ರರಿಯ ಗಂಟೆ ಹೊಡೆಯಿತು ಅನ್ನುತ್ತಾನೆ ಬಟ್ಲರ್. ಹಿಡಿ ಇರುವುದು ಬೆಂಕಿಗೂಡಿನ ಪಕ್ಕ. ಯಜಮಾನರು ಸತ್ತಿರುವುದು ಕೋಣೆಯ ಆ ತುದಿಯ ಮೇಜಿನಲ್ಲಿ, ಪೆಟ್ಟು ಬಿದ್ದಿರುವುದು ತಲೆಯ ಹಿಂದೆ, ಕೈಯಲ್ಲಿ ಪೆನ್ನು ಇನ್ನೂ ಇದೆ. ಎಳೆದವರು ಅವರಲ್ಲ. ಕೊಂದವರೇ ಎಳೆದಿದ್ದಾರೆ, ಜನ ಬರಲಿ ಅಂತ. ಬಾಗಿಲಿಗೆ ಬೀಗ ಹಾಕಿ ಅಡಗುಗೂಡು ಸೇರಿದ್ದಾರೆ. ಜನ ಒಳಗೆ ನುಗ್ಗಿ ಮೇಜಿನ ಸುತ್ತ ನೆರೆದಾಗ, ಹಿಂದಿನಿಂದ ಹೊರಬಂದು ಅವರಲ್ಲೊಬ್ಬರಾಗಿದ್ದಾರೆ.

ಮೊದಲು ಮೀನು ಹಿಡಿಯುವ ನೈಲಾನ್ ದಾರವನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗೆ ಎಳೆದೆ. ಮೂರು ತಿರುವು. ಹಿಡಿ ಎಳೆದರೆ ದಾರ ಹಿಗ್ಗುತ್ತಿತ್ತೇ ಹೊರತು ಗಂಟೆ ಕದಲಲಿಲ್ಲ. ಪ್ರತಿ ತಿರುವಿನಲ್ಲೂ ಉಜ್ಜಾಟ ಸೇರಿಕೊಂಡು ಎಳೆತವನ್ನು ತಿಂದುಹಾಕುತ್ತಿತ್ತು. ಒಂದು ವಾರ ಕೊಳವೆಗೆ ಎಣ್ಣೆ, ಮೇಣ, ಪೌಡರ್ ಎಲ್ಲ ಹಾಕಿ ನೋಡಿದೆ. ಕೊನೆಗೆ ಹಳಬರು ಮಾಡಿದ್ದನ್ನೇ ಮಾಡಿದೆ. ಅರ್ಧ ಮಿ.ಮೀ. ಹಿತ್ತಾಳೆ ತಗಡಿನಲ್ಲಿ ಮೂರು ಸನ್ನೆ ಕತ್ತರಿಸಿ, ಗುಂಡುಸೂಜಿಯ ಮೇಲೆ ಕೂರಿಸಿ, ನಡುವೆ ಹಿಗ್ಗದ ತೆಳು ತಂತಿ. ಗಂಟೆಯ ಸ್ಪ್ರಿಂಗಿಗೆ ಗಿಟಾರಿನ ಅತಿ ತೆಳು ತಂತಿಯನ್ನು ಮೊಳೆಗೆ ಸುತ್ತಿ ಸುರುಳಿ ಮಾಡಿದೆ. ಗಂಟೆ ಕಾಲ್ಗೆಜ್ಜೆಯಿಂದ ಬಿಚ್ಚಿದ್ದು, ಮಗಳು ಚಿಕ್ಕವಳಿದ್ದಾಗಿನದು. ಎಳೆದೆ. ಕೆಳಗೆ ಓಣಿಯಲ್ಲಿ ಠಿಣ್ ಅಂತ ಸದ್ದು. ಸ್ಪ್ರಿಂಗು ನಡುಗುತ್ತಲೇ ಇತ್ತು. ರಾತ್ರಿ ಹನ್ನೊಂದೂವರೆ ಆಗಿತ್ತು, ಆದರೂ ಎಲ್ಲರನ್ನೂ ಎಬ್ಬಿಸಿ ತೋರಿಸಿದೆ.

ಕದ, ಕಿಟಕಿ, ಕಾರ್ಪೆಟ್

ಮೊದಲು ಬಾಗಿಲ ಕದವನ್ನು ತೊಲೆಗಳಿಗೆ ದೂರದ ಚೌಕಟ್ಟಿಗೆ ಕೀಲು ಹಾಕಿ ಕೂರಿಸಿದ್ದೆ. ಹಾಗಿದ್ದರೆ ತೊಲೆಯಿಂದ ಹೊರಬರುವವರು ಎಲ್ಲರಿಗೂ ಕಾಣುತ್ತಾರೆ. ಕೀಲು ಬಿಚ್ಚಿ ಈ ಕಡೆಗೆ ಹಾಕಿದೆ. ಈಗ ಕದ ಒಳಗೆ ತೆರೆದಾಗ ತಿರುಗುವ ತೊಲೆಯನ್ನೂ ಬಿಚ್ಚಿದ ತೋರಣವನ್ನೂ ಪೂರ್ತಿ ಮರೆಮಾಡುತ್ತದೆ. ತೆರೆದ ಬಾಗಿಲಿನ ಹಿಂದೆ ಯಾರೂ ನೋಡುವುದಿಲ್ಲ ಅನ್ನುವುದರ ಮೇಲೆ ಇಡೀ ಕೊಲೆ ನಿಂತಿದೆ. ಕದ ಸರಿಸಿ ನೋಡಿದವರಿಗೆ ಮಾತ್ರ ಕಾಣುತ್ತದೆ.

ಕಿಟಕಿಯದು ನನ್ನ ಯೋಚನೆಯ ತಪ್ಪು. ಹಿಮದ ಮೇಲೆ ಹೆಜ್ಜೆ ಇಲ್ಲ, ಹಾಗಾಗಿ ಹೊರಗಿಂದ ಯಾರೂ ಬಂದಿಲ್ಲ ಅಂತ ಹೇಳಿಕೆಯ ಹಾಳೆಯಲ್ಲಿ ಬರೆದಿದ್ದೆ. ನಮ್ಮ ಮನೆಯವರು ಓದಿ, "ಹಿಮ ಸುರೀತಾನೇ ಇತ್ತಲ್ಲ, ಹೆಜ್ಜೆ ಬಿದ್ದಿದ್ರೂ ಮುಚ್ಚಿಹೋಗ್ತಿತ್ತು" ಅಂದರು. ನಿಜ. ಬಿರುಗಾಳಿಯ ರಾತ್ರಿ ಹೆಜ್ಜೆ ಇಲ್ಲದಿರುವುದು ಸಾಕ್ಷಿಯೇ ಅಲ್ಲ. ಅದಕ್ಕೇ ಒಳಗಿನ ಮರದ ಕದ ಮತ್ತು ಅಡ್ಡ ಪಟ್ಟಿ ಬಂದವು. ಆ ಪಟ್ಟಿಯನ್ನು ಹೊರಗೆ ನಿಂತು ಹಾಕಲಾಗುವುದಿಲ್ಲ. ಕದ ತೆಗೆದರೆ ಹಿಂದೆ ಹಿಮ ಈಗಲೂ ಇದೆ. ಅದೂ ಎರಡನೇ ಸಲ ಮಾಡಿದ್ದು. ಮೊದಲು ಅಡುಗೆಸೋಡಾ ಮತ್ತು ಗೋಂದು ಕಲಸಿ ಹಚ್ಚಿದ್ದೆ, ಮೂರು ವಾರದಲ್ಲಿ ಹಳದಿಯಾಯಿತು. ಕೆರೆದು ತೆಗೆದು ಅಮೃತಶಿಲೆಯ ಪುಡಿ ಹಾಕಿದೆ.

ಕಾರ್ಪೆಟ್ ಹತ್ತಿ ಬಟ್ಟೆಯ ಮೇಲೆ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ್ದು. ಅದರ ಮೇಲೆ ಒದ್ದೆ ಹೆಜ್ಜೆ ಬೇಕು. ಹೇಳಿಕೆಯಲ್ಲಿ ಇಬ್ಬರು, ಡ್ರೈವರ್ ಮತ್ತು ಯಜಮಾನರ ಅಣ್ಣನ ಮಗ, ಗಲಾಟೆ ಕೇಳಿ ಲಾಯದಿಂದ ಹಿಮದಲ್ಲಿ ಓಡಿಬಂದೆವು ಅನ್ನುತ್ತಾರೆ. ಕಾರ್ಪೆಟ್ಟಿನಲ್ಲಿ ಒಬ್ಬರದೇ ಒದ್ದೆ ಗುರುತು, ಅಟ್ಟೆಗೆ ಮೊಳೆ ಹೊಡೆದ ಕೆಲಸದ ಬೂಟಿನದು, ಅಂದರೆ ಡ್ರೈವರದು. ಅಣ್ಣನ ಮಗ ಹಿಮದಲ್ಲಿ ಇರಲೇ ಇಲ್ಲ, ಅಡಗುಗೂಡಿನಲ್ಲಿದ್ದವನು ಅವನೇ. ಹೊಳಪಿನ ವಾರ್ನಿಷ್ ಹಚ್ಚಿದಾಗ ಇಂಕು ಕಲಸಿಹೋಯಿತು. ಹೊಸ ಕಾರ್ಪೆಟ್ ಮುದ್ರಿಸಿ, ಮೊದಲು ಬಣ್ಣ ಹಿಡಿದಿಡುವ ಸ್ಪ್ರೇ ಹೊಡೆದು ಒಣಗಿಸಿ, ಆಮೇಲೆ ಸೂಜಿಯ ತುದಿಯಿಂದ ವಾರ್ನಿಷ್. ಟಾರ್ಚನ್ನು ಓರೆಯಾಗಿ ಹಿಡಿದರೆ ಮಾತ್ರ ಹೊಳೆಯುತ್ತದೆ.

ಪುಸ್ತಕಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಬೆನ್ನು ಮಾತ್ರ ಮುದ್ರಿಸಿ ಫೋಮಿನ ಪಟ್ಟಿಗೆ ಅಂಟಿಸಿದ್ದು. ಬೆಂಕಿಗೂಡಿನ ಸಲಕರಣೆಯಲ್ಲಿ ಚಿಮಟ, ಸಲಿಕೆ ಎರಡಕ್ಕೂ ಮಸಿ. ಕೆಂಡ ಕೆದಕುವ ಸಲಾಕೆ ಮಾತ್ರ ಒರೆಸಿ ಫಳಫಳ.

ಬೊಂಬೆ ಮಾಡುವುದನ್ನು ಕೊನೆಗೆ ಇಟ್ಟುಕೊಂಡಿದ್ದೆ, ಧೈರ್ಯ ಬಂದಿರಲಿಲ್ಲ. ತಂತಿಯ ಮೇಲೆ ಜೇಡಿಮಣ್ಣು, ಉಣ್ಣೆಯ ಕೋಟು. ಮುಖ ಕಾಣದ ಹಾಗೆ ಮೇಜಿಗೆ ಬಾಗಿಸಿದೆ. ಕ್ರಿಸ್‌ಮಸ್ ಊಟಕ್ಕೆ ಇಲ್ಲಿ ಕ್ರ್ಯಾಕರ್ ಅನ್ನುವ ಕಾಗದದ ಸುರುಳಿಯನ್ನು ಇಬ್ಬರು ಎರಡು ಕಡೆಯಿಂದ ಎಳೆಯುತ್ತಾರೆ, ಒಳಗಿಂದ ತೆಳು ಕಾಗದದ ಕಿರೀಟ ಬರುತ್ತದೆ, ಎಲ್ಲರೂ ಹಾಕಿಕೊಳ್ಳುತ್ತಾರೆ. ಅವರ ತಲೆಯ ಮೇಲೂ ಕೆಂಪು ಕಿರೀಟ ಇಟ್ಟೆ, ಹಿಂದೆ ಹರಿದದ್ದು. ಬರುವವರನ್ನು ಬೆನ್ನ ಹಿಂದೆ ಬಿಟ್ಟು ಬರೆಯುತ್ತ ಕೂತಿದ್ದರು, ಅಷ್ಟು ನಂಬಿಕೆ ಇತ್ತು ಅಂತ ಅದು ಹೇಳುತ್ತದೆ. ಮಗಳು ನೋಡಿ, "ಪಾಪ ಅಮ್ಮ, ಟೋಪಿ ತೆಗೆಯೋಕೂ ಟೈಮ್ ಸಿಗ್ಲಿಲ್ಲ" ಅಂದಳು.

ಡಿಸೆಂಬರ್ 25

ಊಟ ಆಯಿತು. ದೀಪ ಆರಿಸಿ, ಅಪ್ಪನ ಕೈಗೆ ಟಾರ್ಚ್ ಕೊಟ್ಟೆವು. ಹೇಳಿಕೆಗಳನ್ನು ಮಗಳು ಕನ್ನಡದಲ್ಲಿ ಓದಿದಳು. ಅಪ್ಪ ಮಾತಾಡಲಿಲ್ಲ. ಮೊದಲು ಗಂಟೆಯ ಹಿಡಿ ಎಳೆದರು, ಮೇಜು ನೋಡಿದರು, ಮತ್ತೆ ಹಿಡಿ ನೋಡಿದರು. "ಇವರು ಎಳೆದಿಲ್ಲ" ಅಂದರು. ಕಿಟಕಿಯ ಪಟ್ಟಿ ಎತ್ತಿ ಇಟ್ಟರು. ಟಾರ್ಚ್ ಓರೆ ಹಿಡಿದು ಕಾರ್ಪೆಟ್ ಮೇಲೆ ತುಂಬಾ ಹೊತ್ತು ಆಡಿಸಿದರು. ಮರದ ಬತ್ತಿಗಳನ್ನು ಎರಡು ಸಲ ಎಣಿಸಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಆಮೇಲೆ ಬಾಗಿಲಿಗೆ ಬಂದರು. ಕದ ಸರಿಸಲಿಲ್ಲ. ಬೀಗದ ಹತ್ತಿರ ಬೆಳಕು ಹಿಡಿದು ನಿಂತುಬಿಟ್ಟರು.

"ಅಲ್ಲ ಕಣೇ, ಬಟ್ಲರ್ ಬಾಗ್ಲು ಒಡೆದು ಒಳಗೆ ಬಂದ ಅಂತ ಬರ್ದಿದೀಯ. ಎಲ್ಲಿ ಒಡೆದಿದೆ?"

ನಾಲ್ಕು ತಿಂಗಳಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ. ಕಾರ್ಪೆಟ್ಟಿನ ಒದ್ದೆ ಹೆಜ್ಜೆ ಬಾಗಿಲು ಒಡೆದ ಮೇಲಿನದು. ಬುಡದವರೆಗೆ ಉರಿದ ಬತ್ತಿ ಕೂಡ ಆಮೇಲಿನದು. ಬಾಗಿಲು ಮಾತ್ರ ಒಡೆಯುವ ಮೊದಲಿನದು, ಹೊಸದಾಗಿ, ಒಂದು ಗೀರೂ ಇಲ್ಲದೆ ನಿಂತಿತ್ತು. ಒಂದೇ ಕೋಣೆಯಲ್ಲಿ ಎರಡು ಗಳಿಗೆ ಇಟ್ಟಿದ್ದೆ. ಬರೆಯುವವರು ಇಂಥದ್ದನ್ನು ಒಂದು ಸಾಲಿನಲ್ಲಿ ದಾಟಿಹೋಗಬಹುದು. ಕಟ್ಟಿದ ಕೋಣೆಯಲ್ಲಿ ಆಗುವುದಿಲ್ಲ, ಅಲ್ಲಿ ಪ್ರತಿ ವಸ್ತುವೂ ತನ್ನ ಗಳಿಗೆಯನ್ನು ಹೇಳಿಬಿಡುತ್ತದೆ. ಅಪ್ಪ ಅದರಿಂದ ಬೇರೆ ದಾರಿಗೆ ಹೋಗಿದ್ದರು. ಬಾಗಿಲು ಒಡೆದೇ ಇಲ್ಲ, ಬಟ್ಲರ್ ಸುಳ್ಳು ಹೇಳುತ್ತಿದ್ದಾನೆ, ಅವನೇ ಕೊಂದವನು. ನಾನು ಕೊಟ್ಟ ಸಾಕ್ಷಿಯ ಪ್ರಕಾರ ಅವರ ಮಾತೇ ಸರಿ.

"ತಡೀರಿ ಅಪ್ಪ, ಸರಿ ಮಾಡ್ತೀನಿ" ಅಂದೆ. ಚಾಕು ತಂದೆ. ಆ ಚೌಕಟ್ಟು ಮಾಡಲು ನಾಲ್ಕು ಸಂಜೆ ಹಿಡಿದಿತ್ತು. ಬೀಗದ ನಾಲಿಗೆ ಕೂರುವ ಜಾಗದಲ್ಲಿ ಚಾಕುವಿನ ಮೊನೆ ಇಟ್ಟು, ಮರದ ಎಳೆಯ ಜೊತೆಗೇ ಸೀಳಿದೆ. ಒಳಗಡೆ ಬಣ್ಣ ಹತ್ತದ ಬಿಳಿ ಮರ ಕಂಡಿತು. ಹೊಸದಾಗಿ ಒಡೆದ ಮರ ಹಾಗೇ ಇರಬೇಕು, ಅದಕ್ಕೆ ಬಣ್ಣ ಹಚ್ಚಲಿಲ್ಲ. ಹಿತ್ತಾಳೆಯ ಬಿಲ್ಲೆಯನ್ನು ಒಂದೇ ಮೊಳೆಯಲ್ಲಿ ನೇತಾಡಲು ಬಿಟ್ಟೆ. ನಾಲ್ಕು ಸಿಬಿರು ಕಾರ್ಪೆಟ್ಟಿನ ಮೇಲೆ ಬಿದ್ದವು. ಚಿಮಟದಲ್ಲಿ ಎತ್ತಲು ಹೋದಾಗ ಅಪ್ಪ ನನ್ನ ಕೈ ಹಿಡಿದರು.

"ಬಿಡು, ಅವು ಅಲ್ಲೇ ಇರ್ಬೇಕು" ಅಂದರು. ಸಿಬಿರುಗಳ ಮೇಲೆ ಟಾರ್ಚ್ ಹಿಡಿದು, ಅಲ್ಲಿಂದ ಮೆಲ್ಲಗೆ ಕದದ ಅಂಚಿಗೆ ಬಂದರು. ಒಂದೇ ಬೆರಳಿನಲ್ಲಿ ಕದ ಸರಿಸಿದರು. ಖಾಲಿ ಮೊಳೆ ಕಂಡಿತು.